ಬಟ್ಟಲಿನ ಒಳಬಣ್ಣ

ಜನವರಿ 9

ಅಪ್ಪನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡಬೇಕೋ ತಿಳಿಯದೆ ಹಾಳೆಗಳನ್ನು ಹರಿದು ಹಾಕಿದ್ದಾಯಿತು. ಕೊನೆಗೆ ಕೆಲಸದ ಮಾತನ್ನೇ ಕೇಳಿಬಿಡೋಣ ಅನ್ನಿಸಿತು. ದಿನವೂ ಒಂದೇ ಥರದ ಚಹಾ ಮಾಡುವುದು ಹೇಗೆ?

ನಗಬೇಡಿ. ನಿಜವಾಗಿಯೂ ಬೇಕಾಗಿದೆ.

ನಾನು ಈಗಲೂ ಚಿಕ್ಕಮ್ಮನ ಮನೆಯಲ್ಲೇ ಇದ್ದೇನೆ. ಡಾಕ್ಟರಮ್ಮನ ದವಾಖಾನೆಯ ಹಿಂದುಗಡೆ ಇರುವ ಹಲ್ಲಿನ ಲ್ಯಾಬಿನಲ್ಲಿ ಮೊದಲು ತಟ್ಟೆ ತೊಳೆಯುತ್ತಿದ್ದೆ. ಈಗ ತಾತ್ಕಾಲಿಕ ಕ್ಯಾಪ್ ಮಾಡುತ್ತೇನೆ. ಮುರಿದ ಹಲ್ಲಿಗೆ ಕೂರಿಸುವ ಗಟ್ಟಿ ಕ್ಯಾಪ್ ತಯಾರಾಗಲು ಸಮಯ ಹಿಡಿಯುತ್ತದೆ. ಅಲ್ಲಿಯ ತನಕ ಜನ ಬೊಚ್ಚು ಬಾಯಿಯಲ್ಲಿ ಓಡಾಡಬಾರದಲ್ಲ, ಅದಕ್ಕೆ ಕೆಲವು ವಾರಗಳ ಮಟ್ಟಿಗೆ ಒಂದು ಹಗುರ ಹಲ್ಲು ಹಾಕುತ್ತಾರೆ. ಅದನ್ನು ಮಾಡುವುದು ನಾನು. ಎಲ್ಲರ ದೂರು ಒಂದೇ: ಅದು ಬೇಗ ಹಳದಿಯಾಗುತ್ತದೆ.

ಡಾಕ್ಟರಮ್ಮ ಮೂರು ಬಗೆಯ ಸಾಮಾನು ತರಿಸಿದ್ದಾರೆ. ಒಂದು, ಪುಡಿಯನ್ನು ದ್ರವದಲ್ಲಿ ಕಲಸುವುದು. ಇನ್ನೊಂದು, ಗನ್ನಿನ ಮೂತಿಯಿಂದ ಪೇಸ್ಟಿನಂತೆ ಒತ್ತುವುದು. ಮತ್ತೊಂದು ಗಟ್ಟಿ ಗಡ್ಡೆ, ಅದನ್ನು ಯಂತ್ರ ಹಲ್ಲಿನ ಆಕಾರಕ್ಕೆ ಕೊರೆಯುತ್ತದೆ. ಮೂರರಿಂದಲೂ ಅಂಗಿಯ ಗುಂಡಿಯಷ್ಟಗಲದ ಬಿಲ್ಲೆ ಮಾಡಿ ಚಹಾದಲ್ಲಿ ಮುಳುಗಿಸಿಟ್ಟಿದ್ದೇವೆ. ದಿನವೂ ಚಹಾ ಬದಲಾಯಿಸಬೇಕು, ಬಿಲ್ಲೆ ತೆಗೆದು ಕಿಟಕಿಯ ಬೆಳಕಿನಲ್ಲಿ ಹಲ್ಲಿನ ಬಣ್ಣ ಅಳೆಯುವ ಪಟ್ಟಿಯ ಪಕ್ಕ ಹಿಡಿದು ನೋಡಬೇಕು. ಆದರೆ ಚಹಾ ಒಂದು ದಿನ ನಾನು ಮಾಡುತ್ತೇನೆ, ಒಂದು ದಿನ ಪಾಲಿಶ್ ಅಣ್ಣ ಮಾಡುತ್ತಾರೆ. ಲ್ಯಾಬಿನಲ್ಲಿ ಹಲ್ಲುಗಳಿಗೆ ಪಾಲಿಶ್ ಹಾಕುವವರು ಅವರು. ಅವರು ಮಾಡಿದ ಚಹಾ ನೋಡಿದರೆ ಬೂಟಿಗೂ ಹಾಕಬಹುದು ಅನ್ನಿಸುತ್ತದೆ.

ಮೊನ್ನೆ ಡಾಕ್ಟರಮ್ಮ ರೇಗಿದರು. "ಇದೇನು ಪರೀಕ್ಷೆನಾ, ಹೋಟೆಲ್ಲಾ? ನಿನ್ನೆ ಡಿಕಾಕ್ಷನ್ನು, ಇವತ್ತು ಬಿಸಿನೀರು!"

"ನಮ್ಮಪ್ಪಂಗೆ ಗೊತ್ತು," ಅಂದುಬಿಟ್ಟೆ. ಬಾಯಿಂದ ಹೇಗೆ ಬಂತೋ. ಎಲ್ಲರೂ ತಿರುಗಿ ನೋಡಿದರು.

"ಏನ್ಮಾಡ್ತಾರೆ ನಿಮ್ಮಪ್ಪ?"

"ಟೀ ಕುಡೀತಾರೆ."

"ಹಾಗಾದ್ರೆ ನಮ್ಮಪ್ಪನೂ ಅದೇ ಕೆಲ್ಸದಲ್ಲಿದ್ರು ಬಿಡು," ಅಂದರು ಪಾಲಿಶ್ ಅಣ್ಣ. ಎಲ್ಲರೂ ನಕ್ಕರು. ಆಮೇಲೆ ಬಿಡಿಸಿ ಹೇಳಿದೆ: ಚಹಾ ಕಂಪನಿಯ ರುಚಿಮನೆಯಲ್ಲಿ ಉದ್ದನೆ ಮೇಜಿನ ತಲೆಯಲ್ಲಿ ನಿಂತು, ಸಾಲು ಬಟ್ಟಲುಗಳಿಂದ ಒಂದೊಂದು ಚಮಚ ಸುರ್ ಅಂತ ಎಳೆದು, ಯಾವುದು ಹೆಚ್ಚು, ಯಾವುದು ಕಡಿಮೆ, ಯಾವುದಕ್ಕೆ ಯಾವುದನ್ನು ಬೆರೆಸಬೇಕು ಅಂತ ಕೂಗಿ ಹೇಳುವವರು ಅಂತ.

ನಾನು ಬಿಟ್ಟು ಬಂದ ದಿನ ನೀವು ಆಡಿದ ಮಾತನ್ನೂ, ನಾನು ಆಡದೆ ಉಳಿಸಿಕೊಂಡ ಮಾತನ್ನೂ ಈ ಪತ್ರದಲ್ಲಿ ಬರೆಯುವುದಿಲ್ಲ. ಚಹಾದ ವಿಷಯ ಮಾತ್ರ ತಿಳಿಸಿ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಿಕ್ಕಮ್ಮ ನಿಮ್ಮ ಆರೋಗ್ಯ ಕೇಳಿದ್ದಾಳೆ. ನಾನೂ ಕೇಳಿದ್ದೇನೆ.

ನಿಮ್ಮ ಮಗಳು


ಜನವರಿ 24

ಮಗಳಿಗೆ,

ಪತ್ರ ತಲುಪಿತು. ಕೇಳಿದ್ದಕ್ಕೆ ಉತ್ತರ.

ಎಲೆಯನ್ನು ಕುದಿಸಬಾರದು. ಕಣ್ಣಳತೆ ಬೇಡ, ಚಮಚದ ಅಳತೆಯೂ ಬೇಡ, ತಕ್ಕಡಿಯಲ್ಲಿ ತೂಗು. ನಿಮ್ಮ ಲ್ಯಾಬಿನಲ್ಲಿ ತಕ್ಕಡಿ ಇರಲೇಬೇಕು. ನೀರು ದಿನವೂ ಒಂದೇ ನಲ್ಲಿಯದಾಗಿರಲಿ, ಆಗಷ್ಟೇ ಕುದ್ದದ್ದಾಗಿರಲಿ. ಒಮ್ಮೆ ಕುದಿದು ಆರಿದ್ದನ್ನು ಮತ್ತೆ ಕುದಿಸಿದರೆ ಅದು ಸತ್ತ ನೀರು. ಮುಚ್ಚಳದ ಪಾತ್ರೆಯಲ್ಲಿ ಎಲೆಯ ಮೇಲೆ ನೀರು ಸುರಿದು ಮುಚ್ಚು. ಮರಳು ಗಡಿಯಾರ ಒಮ್ಮೆ ಖಾಲಿಯಾಗುವ ತನಕ ಕಾದು, ಕೊನೆಯ ಹನಿಯ ತನಕ ಬಗ್ಗಿಸು. ಮರಳು ಗಡಿಯಾರವನ್ನೂ ಎಲೆಯನ್ನೂ ಪಾರ್ಸೆಲ್ ಮಾಡಿದ್ದೇನೆ. ಅಂಗಡಿಯ ಪೊಟ್ಟಣ ಕೊಳ್ಳಬೇಡ.

ನಾನು ಟೀ ಕುಡಿಯುತ್ತೇನೆ ಅಂತ ಹೇಳಿದೆಯಂತೆ. ನಾನು ಕುಡಿಯುವುದಿಲ್ಲ, ಉಗಿಯುತ್ತೇನೆ. ಅವರಿಗೆ ತಿದ್ದಿ ಹೇಳು.

ಇನ್ನೊಂದು ಸಣ್ಣ ವಿಷಯ. ನಮ್ಮ ರುಚಿಮನೆಯಲ್ಲಿ ಒಬ್ಬರಿಗೆ ಮೇಲಿನ ಸಾಲಿನ ಮುಂದಿನ ಹಲ್ಲು ಅರ್ಧಕ್ಕೆ ಮುರಿದಿದೆ. ವಯಸ್ಸಾದವರು. ಕಟ್ಟಿಸಿದ ಹಲ್ಲು ಹಾಕಿಸಿಕೊಂಡರೆ ನಾಲಿಗೆಯ ರುಚಿ ಹೋಗುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದಾರೆ. ನಿಜವೇ? ಅವರು ಕೇಳಿದರು, ಅದಕ್ಕೆ ಬರೆದೆ. ಅವಸರವೇನಿಲ್ಲ.

ಅಪ್ಪ


ಫೆಬ್ರವರಿ 11

ಅಪ್ಪನಿಗೆ,

ಪಾರ್ಸೆಲ್ ಬಿಚ್ಚಿದಾಗ ಮನೆಯೆಲ್ಲ ರುಚಿಮನೆಯ ವಾಸನೆ. ನಾನು ಪೊಟ್ಟಣದೊಳಗೆ ಮೂಗಿಟ್ಟುಕೊಂಡು ಕೂತಿದ್ದೆ. ಚಿಕ್ಕಮ್ಮ ನೋಡಿ, "ಅದೇನು ಮಗುನಾ, ಹಾಗೆ ಮುದ್ದಾಡ್ತಿದೀಯಲ್ಲೇ?" ಅಂದಳು.

ನೀವು ಹೇಳಿದ ಹಾಗೇ ಮಾಡಿದೆ. ಈಗ ನಮ್ಮ ಚಹಾ ಸೋಮವಾರವೂ ಒಂದೇ, ಶನಿವಾರವೂ ಒಂದೇ. ಮರಳು ಗಡಿಯಾರ ನೋಡಿ ಪಾಲಿಶ್ ಅಣ್ಣನಿಗೆ ಖುಷಿಯೋ ಖುಷಿ. ಬೀಡಿ ಸೇದಲು ಹೊರಗೆ ಹೋಗುವಾಗಲೂ ಅದನ್ನು ತಿರುಗಿಸಿಟ್ಟು ಹೋಗುತ್ತಾರೆ.

ಬಿಲ್ಲೆಗಳ ಫಲಿತಾಂಶ ಬಂತು. ಪುಡಿ ಕಲಸಿದ್ದು ಸ್ವಲ್ಪ ಮಾಸಿದೆ. ಪೇಸ್ಟಿನದೂ ಯಂತ್ರ ಕೊರೆದದ್ದೂ ಇಟ್ಟ ಹಾಗೇ ಇವೆ. ಡಾಕ್ಟರಮ್ಮ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು, "ಯಾವ್ದು ತರಿಸೋಣ? ಕೈಯಲ್ಲಿ ಮಾಡೋರು ಹೇಳಿ," ಅಂದರು. "ಪೇಸ್ಟಿಂದು," ಅಂದೆ. "ಬೇಗ ಆಗತ್ತೆ, ಕೆಟ್ಟ ವಾಸನೆ ಇಲ್ಲ, ಬಣ್ಣಾನೂ ನಿಂತಿದೆ." ಮೂರು ಮಾತು, ಅಪ್ಪಾ. ಎಲ್ಲರಿಗೂ ಕೇಳಿಸುವ ಹಾಗೆ.

"ಓಹೋ, ಇವಳಿಗೂ ಬಾಯಿದೆ!" ಅಂದರು ಪಾಲಿಶ್ ಅಣ್ಣ.

ಅದರಲ್ಲೇ ಈಗ ಎಲ್ಲರ ಕ್ಯಾಪ್ ಮಾಡುತ್ತಿದ್ದೇವೆ.

ರುಚಿಮನೆಯಲ್ಲಿ ನಿಮ್ಮ ಕೈಕೆಳಗೆ ಕೆಲಸ ಕಲಿಯುವಾಗ ನನಗೂ ರುಚಿ ಗೊತ್ತಾಗುತ್ತಿತ್ತು. ಅದು ನಿಮಗೂ ಗೊತ್ತು. ಅಷ್ಟು ಜನ ಗಂಡಸರ ಮುಂದೆ ನಿಂತು ಕೂಗಿ ಹೇಳುವುದು ಮಾತ್ರ ನನ್ನ ಕೈಲಾಗುತ್ತಿರಲಿಲ್ಲ. ಈ ವಿಷಯ ಬರೆಯುವುದಿಲ್ಲ ಅಂದಿದ್ದೆ. ಬಂದುಬಿಟ್ಟಿತು, ಇರಲಿ.

ಆ ಹಿರಿಯರಿಗೆ ಹೇಳಿ. ಅಂಗುಳನ್ನು ಮುಚ್ಚುವ ಹಲ್ಲಿನ ಸೆಟ್ಟು ಹಾಕಿಸಿದರೆ ರುಚಿ ಸ್ವಲ್ಪ ಮಂಕಾಗಬಹುದು. ಒಂದೇ ಹಲ್ಲಿನ ಮೇಲೆ ಕೂರುವ ಕ್ಯಾಪಿನಿಂದ ಏನೂ ಆಗುವುದಿಲ್ಲ, ನಾಲಿಗೆ ನಾಲಿಗೆಯೇ. ಅವರ ಹಲ್ಲು ಮುರಿದದ್ದು ಹೇಗೆ? ಎಡವೋ ಬಲವೋ? ಅವರು ಯಾರು? ನಾನಿದ್ದಾಗ ಇದ್ದವರೇ?

ನಿಮ್ಮ ಮಗಳು


ಫೆಬ್ರವರಿ 26

ಮಗಳಿಗೆ,

ಅವರನ್ನು ನೀನು ನೋಡಿರಬಹುದು, ನೆನಪಿರಲಾರದು. ಹಲ್ಲು ಬಲಗಡೆಯದು. ಮಾದರಿ ಪೊಟ್ಟಣದ ದಾರವನ್ನು ಹಲ್ಲಿನಿಂದ ಕಡಿಯುವುದು ಅವರ ಅಭ್ಯಾಸ. ಈಗ ದಾರದ ಬದಲು ಎಂಥದೋ ಪ್ಲಾಸ್ಟಿಕ್ ನೂಲು ಬರುತ್ತಿದೆ. ಅದು ಹರಿಯಲಿಲ್ಲ, ಹಲ್ಲು ಮುರಿಯಿತು.

ತೊಂದರೆ ಏನೆಂದರೆ, ಚಹಾ ಎಳೆದುಕೊಳ್ಳುವಾಗ ಸುರ್ ಅನ್ನುವ ಬದಲು ಸುಯ್ ಅಂತ ಸೀಟಿ ಬರುತ್ತದೆ. ಸೋಡಾಬುಡ್ಡಿ ಗೊತ್ತಲ್ಲ, ದಪ್ಪ ಕನ್ನಡಕದವನು, ಮೇಜಿನ ಎರಡನೇ ಜಾಗದಲ್ಲಿ ನಿಲ್ಲುವವನು. "ಯಾರ್ರೀ ಅಲ್ಲಿ, ಕೆಟಲ್ ಕುದೀತಾ ಇದೆ, ಇಳಿಸ್ರೀ!" ಅಂತಾನೆ. ಎಲ್ಲರೂ ನಗುತ್ತಾರೆ. ಇವರೂ ನಗುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿದು.

ನಕ್ಕರೆ ನಗಲಿ. ಆದರೆ ಸೀಟಿ ಬರಬಾರದೆಂದು ಮೆಲ್ಲಗೆ ಹೀರಿದರೆ ಚಹಾ ಬಾಯಿಯ ಹಿಂದಕ್ಕೆ ಹಾರುವುದಿಲ್ಲ. ಹಾರದಿದ್ದರೆ ಪರಿಮಳ ಮೂಗಿಗೆ ಏರುವುದಿಲ್ಲ. ಹೋದ ವಾರ ಮುಗ್ಗು ಹಿಡಿದ ಎಲೆಯೊಂದನ್ನು ಚೆನ್ನಾಗಿದೆ ಅಂದುಬಿಟ್ಟರು. ಸೋಡಾಬುಡ್ಡಿ ಆ ತಪ್ಪು ಹಿಡಿದ. ಅವನು ಆಗ ನಗಲಿಲ್ಲ, ಅದೇ ಇವರಿಗೆ ಹೆಚ್ಚು ನೋವಾದದ್ದು.

ಮ್ಯಾನೇಜರು ಕರೆದು, "ಏಪ್ರಿಲ್‌ನಲ್ಲಿ ಹೊಸ ಬೆಳೆ ಬರತ್ತಲ್ಲ, ಈ ಸಲ ಮೇಜಿನ ತಲೇಲಿ ಎರಡನೇ ಜಾಗದೋರು ನಿಲ್ಲಲಿ. ನೀವು ಸ್ವಲ್ಪ ಸುಧಾರಿಸ್ಕೊಳ್ಳಿ," ಅಂದರಂತೆ. ಒಳ್ಳೆಯ ಮನುಷ್ಯ, ಒಳ್ಳೆಯ ಮಾತಿನಲ್ಲೇ ಹೇಳಿದರು. ಹೊಸ ಬೆಳೆಗೆ ಬಿಟ್ಟುಕೊಟ್ಟ ಜಾಗ ಮತ್ತೆ ಸಿಗುವುದಿಲ್ಲ. ಇವರಿಗೆ ಆ ಜಾಗ ಬಿಟ್ಟರೆ ಎಲ್ಲಿ ನಿಲ್ಲಬೇಕು ಅನ್ನುವುದೇ ಗೊತ್ತಿಲ್ಲ.

ಹಲ್ಲು ಕಟ್ಟಿಸಿ ಅಂದರೆ ಇನ್ನೊಂದು ಹೆದರಿಕೆ. ಇಷ್ಟು ವರ್ಷದ ಚಹಾದಲ್ಲಿ ಬಾಯಿಯೆಲ್ಲ ಕಂದು. ನಡುವೆ ಒಂದು ಬಿಳಿ ಹಲ್ಲು ಫಳಫಳ ಅಂದರೆ ಸೋಡಾಬುಡ್ಡಿಗೆ ವರ್ಷಕ್ಕಾಗುವಷ್ಟು ತಮಾಷೆ ಸಿಕ್ಕಿದ ಹಾಗೆ.

ನೀನು ಮೂರು ಮಾತು ಆಡಿದೆ ಎಂದು ಬರೆದಿದ್ದೀಯ. ಓದಿದೆ.

ಅಪ್ಪ


ಮಾರ್ಚ್ 5

ಅಪ್ಪನಿಗೆ,

ಆ ಹಿರಿಯರಿಗೆ ದಯವಿಟ್ಟು ಹೀಗೆ ಹೇಳಿ. ರುಚಿಮನೆಯ ತಕ್ಕಡಿ ಇಡುವ ಮೇಜಿಗೆ ಬಲಗಡೆ ಒಂದು ಡ್ರಾಯರ್ ಇದೆ. ಅದರ ಒಳಗೆ, ತುಂಬ ಹಿಂದೆ, ಕೆಂಪು ಹಿಡಿಯ ಕತ್ತರಿ ಇದೆ. ಹಲ್ಲಿನಿಂದ ದಾರ ಕಡಿಯಬೇಡಿ ಅಂತ ಬೈದು ಬೈದು ಸಾಕಾಗಿ, ಅವರ ಹೆಂಡತಿಯೇ ಒಂದು ದಿನ ಊಟದ ಡಬ್ಬಿಯ ಜೊತೆ ತಂದು ಇಟ್ಟಿದ್ದು. ಅವರು ಅದನ್ನು ಒಂದು ದಿನವೂ ಮುಟ್ಟಲಿಲ್ಲ. ಹೆಂಡತಿ ತೀರಿಹೋದ ಮೇಲಂತೂ ಆ ಡ್ರಾಯರನ್ನೇ ತೆಗೆದಿಲ್ಲ ಅಂತ ನನ್ನ ಲೆಕ್ಕ.

ಮತ್ತೆ ಅವರಿಗೆ ಹೇಳಿ, ಅಲ್ಲೇ ಯಾವುದಾದರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಮುರಿದ ಹಲ್ಲನ್ನು ಸರಿ ಮಾಡಿಸಿ, ಬಾಯಿಯ ಅಚ್ಚು ತೆಗೆಸಿ ನಮಗೆ ಕಳಿಸಲಿ. ಹಲ್ಲು ನಾನು ಮಾಡಿ ಕಳಿಸುತ್ತೇನೆ. ಹೊಸ ಬೆಳೆಗೆ ಇನ್ನೂ ಸಮಯವಿದೆ.

ಆದರೆ ನನ್ನ ಕೈಯ ಕೆಲಸದ ಮೇಲೆ ನನಗೇ ಈಗ ನಂಬಿಕೆ ಅಲುಗಾಡಿದೆ. ನಮ್ಮಲ್ಲಿ ಕ್ಯಾಪ್ ಹಾಕಿಸಿಕೊಂಡ ಬಸ್ ಕಂಡಕ್ಟರಮ್ಮ ಒಬ್ಬರು ವಾಪಸ್ ಬಂದಿದ್ದರು. ಕ್ಯಾಪ್ ಹಳೇ ಕಾಗದದ ಹಾಗೆ ಹಳದಿ. "ಬಾಯಿ ಮುಚ್ಕೊಂಡೇ ಟಿಕೆಟ್ ಕೊಡ್ತಿದೀನಿ ಕಣಮ್ಮ. ನಗದೇ ಟಿಕೆಟ್ ಕೊಟ್ರೆ ಜನ ಸುಮ್‌ಸುಮ್ನೆ ಜಗಳಕ್ಕೇ ಬರ್ತಾರೆ," ಅಂದರು. ಅವರ ಹಿಂದೆಯೇ ಇನ್ನೂ ಕೆಲವರು ಬಂದರು. ಎಲ್ಲವೂ ಪೇಸ್ಟಿನವು, ಎಲ್ಲವೂ ನಾನು ಹೇಳಿ ತರಿಸಿದ್ದು.

ಡಾಕ್ಟರಮ್ಮ ಬೈಯಲಿಲ್ಲ. ಕಂಡಕ್ಟರಮ್ಮನ ಕ್ಯಾಪನ್ನೂ ನಿಮ್ಮ ಚಹಾದಲ್ಲಿದ್ದ ಬಿಲ್ಲೆಯನ್ನೂ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟು ಸುಮ್ಮನೆ ನೋಡುತ್ತ ಕೂತರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಪಾಲಿಶ್ ಅಣ್ಣ ಕೂಡ ತಮಾಷೆ ಮಾಡಲಿಲ್ಲ. ನಾನು ಮತ್ತೆ ತಟ್ಟೆ ತೊಳೆಯಲು ಹೋಗಿ ನಿಂತುಕೊಂಡೆ.

ಅಳತೆ ತಪ್ಪಿಲ್ಲ, ನೀರು ತಪ್ಪಿಲ್ಲ, ಗಡಿಯಾರ ತಪ್ಪಿಲ್ಲ. ಅಪ್ಪಾ, ನೀವು ಕಳಿಸಿದ್ದು ಯಾವ ಎಲೆ?

ನಿಮ್ಮ ಮಗಳು


ಮಾರ್ಚ್ 12
(ಕಾರ್ಡು)

ಕತ್ತರಿ ಸಿಕ್ಕಿತು. ಡ್ರಾಯರಿನಲ್ಲೇ ಇತ್ತು. ಉಳಿದದ್ದು ಪತ್ರದಲ್ಲಿ.

ಅಪ್ಪ


ಮಾರ್ಚ್ 14

ಮೆಲ್ಲಿ,

ಈ ಹೆಸರಿನಿಂದ ಕರೆದು ಬಹಳ ದಿನವಾಯಿತು. ಮೆಲ್ಲಗೆ ಮಾತಾಡುತ್ತೀಯ ಅಂತ ನಿಮ್ಮಮ್ಮ ಇಟ್ಟ ಹೆಸರು. ನಿನಗೆ ಈಗ ಹಿಡಿಸದಿದ್ದರೆ ಹೇಳು.

ನಿನ್ನ ಪತ್ರ ಓದಿ ಕೆಲಸದಿಂದ ನೇರ ಗೋದಾಮಿಗೆ ಹೋದೆ. ಏನಾಗಿದೆ ಅಂತ ಓದುವಾಗಲೇ ಗೊತ್ತಾಗಿತ್ತು. ಆದರೂ ಕಣ್ಣಾರೆ ನೋಡಬೇಕಿತ್ತು.

ನಾನು ಕಳಿಸಿದ್ದು ತುದಿಯ ಚಿಗುರು. ನಮ್ಮಲ್ಲಿ ಅದಕ್ಕಿಂತ ಮೇಲಿನದು ಇಲ್ಲ. ಬಟ್ಟಲಿಗೆ ಬಗ್ಗಿಸಿದರೆ ತಿಳಿ ಜೇನಿನ ಬಣ್ಣ, ತಳ ಕಾಣುತ್ತದೆ. ಅದು ಬಟ್ಟೆಯ ಮೇಲೆ ಬಿದ್ದರೂ ಕಲೆ ನಿಲ್ಲುವುದು ಕಡಿಮೆ. ಬಸ್ಸಿನ ಕಂಡಕ್ಟರ್ ಕುಡಿಯುವುದು ಅದನ್ನಲ್ಲ. ಅವರು ಕುಡಿಯುವುದು ಡಸ್ಟು. ಜರಡಿಯ ಕೆಳಗೆ ಉಳಿಯುವ ಧೂಳಿನಂಥ ಪುಡಿ, ಕಪ್ಪಗೆ ಕುದಿಸಿ ಕುಡಿಯುವುದು. ಊರೆಲ್ಲ ಕುಡಿಯುವುದು ಅದನ್ನೇ. ಕಂಪನಿ ನಡೆಯುವುದೂ ಅದರಿಂದಲೇ.

ಹಲ್ಲಿನ ಪರೀಕ್ಷೆಗೆ ಅಂತ ನೀನು ಸ್ಪಷ್ಟವಾಗಿ ಬರೆದಿದ್ದೆ. ಪೊಟ್ಟಣ ಕಟ್ಟುವಾಗ ಕೈ ಮೊದಲು ಡಸ್ಟಿನ ಡಬ್ಬಿಗೇ ಹೋಗಿತ್ತು. ಆದರೆ ಎರಡು ವರ್ಷದ ಮೇಲೆ ಮಗಳು ಚಹಾ ಕೇಳಿದ್ದಾಳೆ, ಅವಳಿಗೆ ಧೂಳನ್ನು ಹೇಗೆ ಕಟ್ಟಿ ಕಳಿಸಲಿ? ಆಗಲಿಲ್ಲ. ನೀನು ಅದನ್ನು ಬಿಲ್ಲೆಗೆ ಕುಡಿಸಿದೆ, ಒಂದು ಬಟ್ಟಲಾದರೂ ನೀನು ಕುಡಿದೆಯೋ ಇಲ್ಲವೋ.

ಡಾಕ್ಟರಮ್ಮನಿಗೆ ಹೇಳು, ಹುಡುಗಿಯ ತಪ್ಪಿಲ್ಲ, ಹುಡುಗಿಯ ಅಪ್ಪನ ತಪ್ಪು. ಬೇಕಾದರೆ ನಾನೇ ಬೇರೆ ಪತ್ರ ಬರೆಯುತ್ತೇನೆ.

ಈ ಪಾರ್ಸೆಲ್‌ನಲ್ಲಿ ಡಸ್ಟ್ ಇದೆ. ಶುದ್ಧ ಡಸ್ಟು, ಅತ್ಯಂತ ಕಪ್ಪು. ಕಟ್ಟುವಾಗ ಸೋಡಾಬುಡ್ಡಿ ನೋಡಿ, "ಯಜಮಾನ್ರೇ, ಯಾರ ಮೇಲೆ ಇಷ್ಟು ಸಿಟ್ಟು?" ಅಂದ. ಮಗಳಿಗೆ ಅಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಅದೇ ಪೆಟ್ಟಿಗೆಯಲ್ಲಿ ಹತ್ತಿಯೊಳಗೆ ಒಂದು ಅಚ್ಚು ಇದೆ. ಆ ಹಿರಿಯರದು. ಇಲ್ಲಿನ ಡಾಕ್ಟರು ಬೇರಿಗೆ ಔಷಧಿ ತುಂಬಿ, ಹಲ್ಲನ್ನು ಅರೆದು ಸಣ್ಣ ಮಾಡಿದ್ದಾರೆ. ಬಣ್ಣಕ್ಕೆ ಪಟ್ಟಿ ಹಿಡಿದು ನೋಡಿ, "ಇದರಲ್ಲಿ ಇರುವುದರಲ್ಲೇ ಗಾಢವಾದ ನಂಬರ್ ಬರೆದಿದ್ದೇನೆ, ಆದರೂ ಸಾಲದು," ಅಂದರು.

ಆ ಹಿರಿಯರು ಯಾರು ಅಂತ ಇನ್ನು ಬರೆಯುವ ಅಗತ್ಯ ಇಲ್ಲ ಅನ್ನಿಸುತ್ತದೆ.

ಅಪ್ಪ


ಮಾರ್ಚ್ 30

ಅಪ್ಪನಿಗೆ,

ಹೆಸರು ಹಿಡಿಸುತ್ತದೆ.

ನಿಮ್ಮ ಬಾಯಿ ಪೋಸ್ಟಿನಲ್ಲಿ ಬಂತು. ಅಚ್ಚಿಗೆ ಗಾರೆ ಹುಯ್ದು, ಆರಿದ ಮೇಲೆ ಬಿಡಿಸಿ ನನ್ನ ಮೇಜಿನ ಮೇಲೆ ಇಟ್ಟುಕೊಂಡೆ. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿದೆ. ನನ್ನ ಬಾಯಿಯಲ್ಲೂ ಅದೇ ಜಾಗದಲ್ಲಿ ಹಾಗೇ ಇದೆ, ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ. ಪಾಲಿಶ್ ಅಣ್ಣ ಬಗ್ಗಿ ನೋಡಿ, "ಓ, ಇವ್ರೇನಾ ಟೀ ಉಗಿಯೋರು? ನಮಸ್ಕಾರ ಸಾರ್," ಅಂತ ಗಾರೆಯ ಹಲ್ಲಿಗೆ ಕೈ ಮುಗಿದರು.

ನಿಮ್ಮ ಪತ್ರದ ಆ ಭಾಗವನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ, ಧೂಳನ್ನು ಹೇಗೆ ಕಟ್ಟಿ ಕಳಿಸಲಿ ಅನ್ನುವ ತನಕ. ಮುಂದಿನದನ್ನು ಮಡಿಸಿ ಇಟ್ಟುಕೊಂಡೆ. ಅವರು ಡಸ್ಟಿನ ಪೊಟ್ಟಣ ಎಳೆದುಕೊಂಡು, "ತಪ್ಪು ನಂದೂ ಇದೆ. ನಮ್ಮ ಪೇಷಂಟ್ಸ್ ಏನು ಕುಡೀತಾರೆ ಅಂತ ನಾನೇ ಯೋಚ್ನೆ ಮಾಡ್ಲಿಲ್ಲ ನೋಡು. ನಡಿ, ಮತ್ತೆ ನೆನೆಸೋಣ," ಅಂದರು. ನಾನು ಸಿಂಕಿನಿಂದ ನನ್ನ ಮೇಜಿಗೆ ವಾಪಸ್ ಬಂದೆ.

ಡಸ್ಟು ಎಲ್ಲರ ಬಣ್ಣ ಬಯಲು ಮಾಡಿತು. ಪೇಸ್ಟಿನ ಬಿಲ್ಲೆ ಬೇಗಬೇಗ ಕಂದಾಯಿತು. ಪುಡಿ ಕಲಸಿದ್ದು ಅದಕ್ಕಿಂತ ನಿಧಾನ. ಯಂತ್ರ ಕೊರೆದದ್ದು ಮಾತ್ರ ಗಟ್ಟಿಗಿತ್ತಿ, ಹೆಚ್ಚುಕಡಿಮೆ ಹಾಗೇ ನಿಂತಿತು. ಇನ್ನೊಂದು ಗೊತ್ತಾಯಿತು. ಯಾವ ಸಾಮಾನಾದರೂ ಸರಿ, ಪಾಲಿಶ್ ಅಣ್ಣ ಕೈಯಾಡಿಸಿ ಕನ್ನಡಿ ಮಾಡಿದ ಬಿಲ್ಲೆ ಕಡಿಮೆ ಕಲೆ ಹಿಡಿಯುತ್ತದೆ. ಒರಟು ಬಿಟ್ಟದ್ದರ ಸಣ್ಣಸಣ್ಣ ಗೀರುಗಳಲ್ಲಿ ಚಹಾ ಹೋಗಿ ಮನೆ ಮಾಡುತ್ತದೆ. ಮೊದಲ ಸಲ ಪುಡಿಯ ಬಿಲ್ಲೆ ಮಾಸಿದ್ದು ಅದಕ್ಕೇ. ಅಣ್ಣ ಆವತ್ತಿನಿಂದ ನೆಲದ ಮೇಲೆ ನಡೆಯುತ್ತಿಲ್ಲ. ಕಂಡಕ್ಟರಮ್ಮನಿಗೆ ಯಂತ್ರದ್ದು ಹಾಕಿ ಕಳಿಸಿದೆವು. ಮೊನ್ನೆ ನಾನು ಅವರ ಬಸ್ಸಿಗೇ ಹತ್ತಿದೆ. ಅಷ್ಟು ಜನರ ನಡುವೆ ನನ್ನನ್ನು ನೋಡಿ ಈ ಅಗಲಕ್ಕೆ ನಕ್ಕರು.

ಈಗ ನಿಮ್ಮ ಹಲ್ಲಿನ ವಿಷಯ.

ಯಂತ್ರದ ಗಡ್ಡೆ ಬಣ್ಣ ಹಿಡಿಯುವುದಿಲ್ಲ ನಿಜ. ಆದರೆ ಅದು ಬರುವುದೇ ಬಿಳಿ, ನಿಮ್ಮ ಬಾಯಿಯಲ್ಲಿ ಟಾರ್ಚ್ ಹಚ್ಚಿದ ಹಾಗೆ ಕಾಣುತ್ತದೆ. ನಿಮ್ಮ ಬಣ್ಣ ನಮ್ಮ ಪಟ್ಟಿಯಲ್ಲೇ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಬೇಗ ಕಲೆ ಹಿಡಿಯುತ್ತದೆ ಅಂತ ನಾವು ಮೂಲೆಗೆ ಹಾಕಿದ ಪೇಸ್ಟು ಇದೆಯಲ್ಲ, ಈ ಕೆಲಸಕ್ಕೆ ಬೇಕಾದದ್ದು ಅದೇ.

ಡಾಕ್ಟರಮ್ಮನ ಹತ್ತಿರ ಹೋಗಿ ಹೇಳಿದೆ. "ಲೋಕವೆಲ್ಲ ಕಲೆ ಹೋಗ್ಲಿ ಅಂತ ಬಡ್ಕೊಳತ್ತೆ, ನೀನು ಕಲೆ ಮಾಡಿ ಕೂರಿಸ್ತೀನಿ ಅಂತೀಯಲ್ಲೇ!" ಅಂತ ನಕ್ಕರು. "ಸರಿ, ಕಲೆ ಹಿಡಿಸ್ತೀಯ. ಅದು ಅಲ್ಲಿಗೇ ನಿಲ್ಬೇಕಲ್ಲ? ಮುಂದಿನ ವಾರ ಇನ್ನೂ ಕಪ್ಪಾದ್ರೆ?" ಅದು ನನಗೆ ಹೊಳೆದಿರಲಿಲ್ಲ. ಬಣ್ಣ ಬಂದ ಮೇಲೆ ಮೆರುಗಿನ ಲೇಪ ಹಚ್ಚಿ ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿ ಬಾಗಿಲು ಮುಚ್ಚಿಬಿಡೋಣ ಅಂತ ಅವರೇ ಹೇಳಿದರು.

ಹಲ್ಲು ಮಾಡಿ ಡಸ್ಟಿನಲ್ಲಿ ನೆನೆಸಿದೆ. ಆದರೆ ಎಲ್ಲಿಗೆ ನಿಲ್ಲಿಸುವುದು? ನಿಮ್ಮ ಹಲ್ಲಿನ ಬಣ್ಣ ನೋಡಿ ಎರಡು ವರ್ಷವಾಗಿದೆ. ಗಾರೆಯ ಹಲ್ಲು ಬಿಳಿ, ಅದು ಹೇಳುವುದಿಲ್ಲ.

ಅಪ್ಪಾ, ನಿಮ್ಮ ಅಂಚು ಒಡೆದ ರುಚಿ ಬಟ್ಟಲು ನನ್ನ ಹತ್ತಿರ ಇದೆ. ಬರುವಾಗ ಹೇಳದೆ ತಂದಿದ್ದೆ. ಲ್ಯಾಬಿನಲ್ಲಿ ಕುಂಚ ಇಡಲು ಇಟ್ಟುಕೊಂಡಿದ್ದೇನೆ. ನೆನಪಿದೆಯಾ, ನೀವು ನಕ್ಕಾಗಲೆಲ್ಲ ಅಮ್ಮ, "ಬಟ್ಟಲಿನ ಒಳಗೂ ಇವರ ಬಾಯಿಗೂ ಒಂದೇ ಡಬ್ಬಿಯ ಬಣ್ಣ ಹೊಡೆದಿದಾರೆ ನೋಡು," ಅನ್ನುತ್ತಿದ್ದಳು. ಕುಂಚ ತೆಗೆದು, ಬಟ್ಟಲನ್ನು ಕಿಟಕಿಗೆ ಹಿಡಿದೆ. ಒಳಗಡೆ ಆ ಕಂದು ಹಾಗೇ ಇದೆ. ಹಲ್ಲನ್ನು ಅದರ ಪಕ್ಕ ಹಿಡಿದು ನೋಡುವುದು, ಮತ್ತೆ ನೆನೆಸುವುದು. ಕೊನೆಗೆ ಹಲ್ಲನ್ನು ಬಟ್ಟಲಿನೊಳಗೆ ಹಾಕಿದಾಗ ಎಲ್ಲಿದೆ ಅಂತ ಹುಡುಕಬೇಕಾಯಿತು. ಆಗ ತೆಗೆದು ಲೇಪ ಹಚ್ಚಿದೆ.

ಲೇಪಕ್ಕೆ ಸಣ್ಣ ವಾಸನೆ ಇತ್ತು. ದಿನವೂ ಬಿಸಿನೀರಿನಲ್ಲಿ ಇಟ್ಟು, ನನ್ನ ಮೂಗಿಗೆ ಏನೂ ಸಿಗದ ತನಕ ತೊಳೆದಿದ್ದೇನೆ. ನಿಮ್ಮ ಮೂಗಿಗೆ ಸಿಕ್ಕರೆ ಬೈಯಿರಿ. ಹತ್ತಿಯಲ್ಲಿ ಸುತ್ತಿ ಈ ಪತ್ರದ ಜೊತೆಗೇ ಇಟ್ಟಿದ್ದೇನೆ, ಅಲ್ಲಿನ ಡಾಕ್ಟರ ಹತ್ತಿರ ಕೂರಿಸಿಕೊಳ್ಳಿ.

ಇದು ತಾತ್ಕಾಲಿಕ. ಹೊಸ ಬೆಳೆ ಮುಗಿಯುವ ತನಕ ಖಂಡಿತ ಬರುತ್ತದೆ, ಆಮೇಲೆ ಸವೆಯುತ್ತದೆ. ಕಾಯಂ ಹಲ್ಲು ಬೇರೆ. ಅದು ಕೂರಿಸಿದ ಮೇಲೆ ಯಾವ ಚಹಾಕ್ಕೂ ಬಣ್ಣ ಬದಲಿಸುವುದಿಲ್ಲ. ಅದಕ್ಕೇ ಅದರ ಬಣ್ಣವನ್ನು ಮೊದಲೇ ಸರಿಯಾಗಿ ನೋಡಬೇಕು. ಅದನ್ನು ಬಟ್ಟಲು ನೋಡಿ ಮಾಡಲಾಗದು, ಪತ್ರದಲ್ಲಿ ಬರೆದು ಕಳಿಸಲೂ ಆಗದು. ಮನುಷ್ಯ ಕಿಟಕಿಯ ಪಕ್ಕ ಕೂತು, ಬಾಯಿ ತೆರೆದು, ನಾನು ಎದುರು ನಿಂತು ನೋಡಬೇಕು.

ಇದಕ್ಕಿಂತ ಜೋರಾಗಿ ಹೇಳಲು ನನಗೆ ಬರುವುದಿಲ್ಲ.

ಮೆಲ್ಲಿ


ಏಪ್ರಿಲ್ 21

ಮೆಲ್ಲಿ,

ಹೊಸ ಬೆಳೆಯ ಮೊದಲ ಸಾಲು ಇವತ್ತು ಬೆಳಿಗ್ಗೆ ಇಟ್ಟರು. ಮೇಜಿನ ಉದ್ದಕ್ಕೂ ಬಟ್ಟಲು, ಕೊನೆ ಕಾಣದು.

ನಿನ್ನ ಹಲ್ಲು ಕೂರಿಸಿದ ದಿನ ಡಾಕ್ಟರು ಕನ್ನಡಿ ಕೊಟ್ಟರು. ಮುರಿದದ್ದು ಯಾವುದು ಅಂತ ನಾನೇ ನಾಲಿಗೆಯಿಂದ ಹುಡುಕಿದೆ. ಡಾಕ್ಟರು ದೀಪ ಹತ್ತಿರ ತಂದು ನೋಡಿ, "ಯಾವ ಲ್ಯಾಬ್ರೀ ಇದು?" ಅಂದರು. ನಮ್ಮ ಮನೆದು ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ವಾಸನೆ ಮೊದಲ ದಿನ ಒಂದು ಎಳೆ ಇತ್ತು. ನಿನಗೆ ಸಿಗದ್ದು ನನಗೆ ಸಿಕ್ಕಿತು ಅಂತ ಸ್ವಲ್ಪ ಸಂತೋಷವೇ ಆಯಿತು. ಆಮೇಲೆ ಹೋಯಿತು.

ಇವತ್ತು ಸಾಲು ಇಟ್ಟಾಗ ಮ್ಯಾನೇಜರ ಹತ್ತಿರ ಹೋಗಿ, ಒಂದು ಬಟ್ಟಲು ಎಳೆದು ತೋರಿಸುತ್ತೇನೆ, ಆಮೇಲೆ ನಿರ್ಧಾರ ಮಾಡಿ ಅಂದೆ. ಎಲ್ಲರೂ ಇದ್ದರು. ಚಮಚ ಎತ್ತುವಾಗ ಕೈ ನಡುಗಿತು. ನೀನು ಈ ಮೇಜಿನ ಮುಂದೆ ನಿಂತಾಗಲೆಲ್ಲ ನಿನ್ನ ಕೈ ನಡುಗುತ್ತಿತ್ತು. ನಾನು ಅದನ್ನು ಆಗ ನೋಡುತ್ತಿದ್ದೆ, ನೋಡುತ್ತಿದ್ದೆ ಅಷ್ಟೆ.

ಎಳೆದೆ. ಸುರ್ ಅಂತು. ಗೋಡೆಗೆ ಹೊಡೆದು ವಾಪಸ್ ಬರುವಷ್ಟು. ಸೀಟಿ ಇಲ್ಲ. ಹೊಗೆಯ ವಾಸನೆ ಇದೆ, ಒಣಗಿಸುವ ಒಲೆಯಲ್ಲಿ ಏನೋ ಸೋರುತ್ತಿದೆ ಅಂದೆ. ಸೋಡಾಬುಡ್ಡಿ ತಾನೂ ಎಳೆದು ನೋಡಿ, ಹೌದೆಂದು ತಲೆಯಾಡಿಸಿದ. ಆಮೇಲೆ ಯಾರೂ ಹೇಳದೆಯೇ ಎರಡನೇ ಜಾಗಕ್ಕೆ ಸರಿದು ನಿಂತು, "ಕೆಟಲ್ ರಿಪೇರಿ ಆಯ್ತು ಕಣ್ರಪ್ಪಾ, ಶುರು ಮಾಡಿ," ಅಂದ. ನಾನು ಕೈ ಅಡ್ಡ ಹಿಡಿಯದೆ ನಕ್ಕೆ.

ಎಲ್ಲ ಮುಗಿದ ಮೇಲೆ ಅವನು ನನ್ನ ಬಾಯಿಯೊಳಗೆ ಕನ್ನಡಕ ತೂರಿಸಿ ಬಿಳಿ ಹಲ್ಲು ಎಲ್ಲಿ ಅಂತ ಹುಡುಕಿದ. ಸಿಗಲಿಲ್ಲ. ಪಾಪ, ವರ್ಷದ ತಮಾಷೆ ಕೈ ತಪ್ಪಿತು.

ದಿನವೂ ಕನ್ನಡಿಯಲ್ಲಿ ನೋಡುತ್ತಿದ್ದೇನೆ. ಇಷ್ಟು ಡಸ್ಟ್ ಎಳೆದರೂ ನಿನ್ನ ಹಲ್ಲು ಕೂರಿಸಿದ ಬಣ್ಣದಲ್ಲೇ ಇದೆ. ಇದನ್ನೇ ಇಟ್ಟುಕೊಳ್ಳಬಾರದೇಕೆ ಅಂತ ಬರೆಯೋಣ ಎಂದುಕೊಂಡಿದ್ದೆ. ಬರೆಯುವುದಿಲ್ಲ. ತಾತ್ಕಾಲಿಕ ಅಂದರೆ ತಾತ್ಕಾಲಿಕ.

ಬೆಳೆ ಮುಗಿದ ಕೂಡಲೇ ರಜ ಹಾಕಿದ್ದೇನೆ. ನಿಮ್ಮ ಲ್ಯಾಬಿನ ಕಿಟಕಿಯಲ್ಲಿ ಬೆಳಕು ಯಾವ ಹೊತ್ತಿಗೆ ಚೆನ್ನಾಗಿರುತ್ತದೆ, ಬರೆ. ಆ ಹೊತ್ತಿಗೆ ಸರಿಯಾಗಿ ಬಂದು ಕೂತಿರುತ್ತೇನೆ. ಪಾಲಿಶ್ ಅಣ್ಣನವರಿಗೆ ಒಂದು ಪೊಟ್ಟಣ ತರುತ್ತೇನೆ, ಡಾಕ್ಟರಮ್ಮನಿಗೊಂದು. ನಿನಗೆ ತುದಿಯ ಚಿಗುರು. ಈ ಸಲ ಬಿಲ್ಲೆಗೆ ಕೊಡಬೇಡ, ಇಬ್ಬರೂ ಕೂತು ಕುಡಿಯೋಣ. ಉಗಿಯುವುದು ಬೇಡ.

ಆ ಬಟ್ಟಲು ಎಲ್ಲಿ ಹೋಯಿತು ಅಂತ ರುಚಿಮನೆಯನ್ನೆಲ್ಲ ತಲೆಕೆಳಗು ಮಾಡಿದ್ದೆ. ಸೋಡಾಬುಡ್ಡಿಯ ಮೇಲೂ ಅನುಮಾನ ಪಟ್ಟಿದ್ದೆ. ನಿನ್ನ ಹತ್ತಿರ ಇದ್ದರೆ ಸರಿ. ಕುಂಚ ಇಡು, ಏನು ಬೇಕಾದರೂ ಇಡು.

ಒಳಗಡೆ ಮಾತ್ರ ಉಜ್ಜಿ ತೊಳೆಯಬೇಡ.

ಅಪ್ಪ